ಹನ್ನೆರಡು ವೋಲ್ಟಿನಲ್ಲಿ ಗಟ್ಟಿದನಿ: ಡಿ ವರ್ಗದ ವರ್ಧಕವೂ ಕಡಿಮೆ ಓಮಿನ ಸ್ಪೀಕರೂ

ಕೊಡಗಿನಲ್ಲಿ ಧ್ವನಿವರ್ಧಕವು ಜನರ ಗಮನಕ್ಕೆ ಬರುವ ಸಂದರ್ಭಗಳು ಮುಖ್ಯವಾಗಿ ಎರಡು. ಮೊದಲನೆಯದು ಮಡಿಕೇರಿ ದಸರೆಯ ವಿಜಯದಶಮಿಯ ರಾತ್ರಿ. ಹತ್ತು ದೇವಾಲಯಗಳ ಮಂಟಪಗಳು ಪಟ್ಟಣದ ಬೀದಿಗಳಲ್ಲಿ ಸಾಗುವಾಗ ಅವುಗಳೊಡನೆ ಹೊರಡುವ ಸ್ಪೀಕರುಗಳ ನಾದಕ್ಕೆ ನೋಡುವವರ ಎದೆಯೇ ಅದುರುವುದುಂಟು. ಅಲ್ಲಿ ಜನರೇಟರುಗಳಿರುತ್ತವೆ, ವಿದ್ಯುತ್ತಿಗೆ ಬರವಿಲ್ಲ. ಎರಡನೆಯದು ಮಳೆಗಾಲದ ರಾತ್ರಿ. ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದು ಊರೆಲ್ಲ ಕತ್ತಲಾಗಿರುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ದೂರವಾಣಿಯೂ ಮೌನವಾಗುತ್ತದೆ. ಆಗ ಜೀಪಿನ ಮೇಲೆ ಕಟ್ಟಿದ ಸ್ಪೀಕರೊಂದು "ಗುಡ್ಡದ ಕೆಳಗಿನ ಮನೆಯವರು ಕೂಡಲೆ ಹೊರಡಿ" ಎಂದು ಕೂಗಿ ಹೇಳಬೇಕಾಗಬಹುದು. ೨೦೧೮ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳು ಕುಸಿದುದನ್ನು ಕಂಡವರಿಗೆ ಇಂಥ ಕೂಗಿನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಎರಡನೆಯ ಸಂದರ್ಭದಲ್ಲಿ ನಮ್ಮ ಕೈಯಲ್ಲಿರುವುದು ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ ಮಾತ್ರ. ಅದರಿಂದ ಎಷ್ಟು ಗಟ್ಟಿಯಾದ ದನಿಯನ್ನು, ಎಷ್ಟು ಹೊತ್ತು ಹೊರಡಿಸಬಹುದು? ಅದಕ್ಕೆ ಎಂತಹ ವರ್ಧಕ ಬೇಕು, ಎಷ್ಟು ಓಮಿನ ಸ್ಪೀಕರು ಬೇಕು? ಈ ಪ್ರಶ್ನೆಗಳನ್ನು ಈ ಲೇಖನದಲ್ಲಿ ಕ್ರಮವಾಗಿ ಪರಿಶೀಲಿಸೋಣ. ವಾಡಿಕೆಯಲ್ಲಿ ಆಂಪ್ಲಿಫೈಯರನ್ನೂ ಲೌಡ್‌ಸ್ಪೀಕರನ್ನೂ ಧ್ವನಿವರ್ಧಕವೆಂದೇ ಕರೆಯುವುದುಂಟು. ಗೊಂದಲವಾಗದಿರಲೆಂದು ನಾವು ಮೊದಲನೆಯದನ್ನು ವರ್ಧಕವೆಂದೂ ಎರಡನೆಯದನ್ನು ಸ್ಪೀಕರೆಂದೂ ಕರೆಯುತ್ತೇವೆ.

ಓಮ್ ಎಂಬ ಅಂಕಿಯ ಅರ್ಥ

ಸ್ಪೀಕರಿನ ಬೆನ್ನಿನ ಮೇಲೆ ೪ ಓಮ್, ೮ ಓಮ್ ಅಥವಾ ೧೬ ಓಮ್ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ಸ್ಪೀಕರಿನೊಳಗೆ ಕಾಂತದ ಸಂದಿಯಲ್ಲಿ ತೆಳು ತಂತಿಯ ಸುರುಳಿಯೊಂದು ತೂಗಿಕೊಂಡಿರುತ್ತದೆ. ದನಿಯ ಏರಿಳಿತವನ್ನು ಹೊತ್ತ ವಿದ್ಯುತ್ಪ್ರವಾಹ ಅದರಲ್ಲಿ ಹರಿದಾಗ ಸುರುಳಿ ಹಿಂದೆ ಮುಂದೆ ಚಲಿಸಿ ತನಗಂಟಿದ ಪೊರೆಯನ್ನು ಅಲುಗಿಸುತ್ತದೆ. ಈ ಪ್ರವಾಹಕ್ಕೆ ಸ್ಪೀಕರು ಒಡ್ಡುವ ಒಟ್ಟು ಅಡ್ಡಿಯೇ ಇಂಪಿಡೆನ್ಸ್. ಇದು ಬರಿಯ ತಂತಿಯ ರೋಧವಲ್ಲ; ಸುರುಳಿಯ ಪ್ರೇರಕ ಗುಣವೂ ಚಲಿಸುವ ಪೊರೆಯ ಪ್ರತಿಕ್ರಿಯೆಯೂ ಇದರಲ್ಲಿ ಸೇರಿವೆ. ಆದ್ದರಿಂದಲೇ ಇದು ದನಿಯ ಆವೃತ್ತಿಯೊಡನೆ ಬದಲಾಗುತ್ತದೆ. ಪೊರೆಯ ಸಹಜ ಕಂಪನದ ಆವೃತ್ತಿಯಲ್ಲಿ ಬಹಳ ಏರಿ, ಅದಕ್ಕಿಂತ ತುಸು ಮೇಲೆ ಇಳಿದು, ಉಚ್ಚ ಆವೃತ್ತಿಗಳಲ್ಲಿ ಮತ್ತೆ ಏರುತ್ತದೆ. ಬೆನ್ನಿನ ಮೇಲಿನ ಅಂಕಿ ಲೆಕ್ಕಕ್ಕೆ ಅನುಕೂಲವಾದ ಒಂದು ಸ್ಥೂಲ ಬೆಲೆ ಮಾತ್ರ. ೮ ಓಮಿನ ಸ್ಪೀಕರನ್ನು ಮಲ್ಟಿಮೀಟರಿಗೆ ಜೋಡಿಸಿದರೆ ಅದು ೬ ಓಮಿನ ಆಸುಪಾಸಿನಲ್ಲಿ ತೋರುವುದು ಸಾಮಾನ್ಯ. ಸ್ಪೀಕರು ಕೆಟ್ಟಿದೆಯೆಂದು ಇದರ ಅರ್ಥವಲ್ಲ. ಮೀಟರು ಅಳೆಯುವುದು ತಂತಿಯ ರೋಧವನ್ನು ಮಾತ್ರ.

ಕಡಿಮೆ ಓಮ್ ಏಕೆ?

ವರ್ಧಕಕ್ಕೆ ದೊರೆಯುವುದು ೧೨ ವೋಲ್ಟ್ ಎಂದಿಟ್ಟುಕೊಳ್ಳೋಣ. ಸ್ಪೀಕರಿನ ಎರಡು ತುದಿಗಳನ್ನೂ ವರ್ಧಕವೇ ನಡೆಸುವ ಜೋಡಣೆಯೊಂದುಂಟು. ಇದಕ್ಕೆ ಸೇತುವೆ ಜೋಡಣೆಯೆಂದು ಹೆಸರು. ಒಂದು ತುದಿ ಮೇಲಕ್ಕೇರಿದಾಗ ಇನ್ನೊಂದು ಕೆಳಕ್ಕಿಳಿಯುವುದರಿಂದ ಸ್ಪೀಕರಿಗೆ ಎರಡು ದಿಕ್ಕಿನಲ್ಲಿಯೂ ಪೂರ್ಣ ೧೨ ವೋಲ್ಟ್ ಸಿಗುತ್ತದೆ. ಇದಕ್ಕಿಂತ ಹೆಚ್ಚು ವೋಲ್ಟೇಜು ಬ್ಯಾಟರಿಯಿಂದ ನೇರವಾಗಿ ಬರುವಂತಿಲ್ಲ.

ಶುದ್ಧ ಸ್ವರವೊಂದರ ಸರಾಸರಿ ಶಕ್ತಿಯನ್ನು ಕಂಡುಹಿಡಿಯಲು ಅದರ ಶಿಖರ ವೋಲ್ಟೇಜಿನ ವರ್ಗವನ್ನು ಓಮಿನ ಎರಡರಷ್ಟರಿಂದ ಭಾಗಿಸಬೇಕು. ೧೨ರ ವರ್ಗ ೧೪೪. ಆದ್ದರಿಂದ ೮ ಓಮಿನ ಸ್ಪೀಕರಿಗೆ ಹೆಚ್ಚೆಂದರೆ ೯ ವಾಟ್, ೪ ಓಮಿನದಕ್ಕೆ ೧೮ ವಾಟ್, ೨ ಓಮಿನದಕ್ಕೆ ೩೬ ವಾಟ್ ದೊರೆಯುತ್ತದೆ. ಬ್ಯಾಟರಿಯನ್ನು ಬದಲಿಸದೆ, ವೋಲ್ಟೇಜನ್ನು ಏರಿಸದೆ ಶಕ್ತಿ ನಾಲ್ಮಡಿಯಾಯಿತು! ಕಾರಿನಲ್ಲಿ ಬಳಸುವ ಸ್ಪೀಕರುಗಳು ಸಾಮಾನ್ಯವಾಗಿ ೪ ಓಮಿನವಾಗಿರುವುದಕ್ಕೆ ಕಾರಣ ಇದೇ.

ಆದರೆ ಪ್ರಕೃತಿಯಲ್ಲಿ ಪುಕ್ಕಟೆಯಾಗಿ ಯಾವುದೂ ದೊರೆಯುವುದಿಲ್ಲ. ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡೋಣ. ೮ ಓಮಿನಲ್ಲಿ ಶಿಖರ ಪ್ರವಾಹ ಒಂದೂವರೆ ಆಂಪಿಯರ್. ೪ ಓಮಿನಲ್ಲಿ ೩. ೨ ಓಮಿನಲ್ಲಿ ೬ ಆಂಪಿಯರ್. ತಂತಿಯಲ್ಲಾಗಲಿ, ಟ್ರಾನ್ಸಿಸ್ಟರಿನಲ್ಲಾಗಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ನಾಲ್ಮಡಿಯಾದರೆ ಕಾವು ಹದಿನಾರು ಮಡಿಯಾಗುತ್ತದೆ. ಶಕ್ತಿ ನಾಲ್ಮಡಿ, ನಷ್ಟ ಹದಿನಾರು ಮಡಿ: ಕಡಿಮೆ ಓಮಿನ ಸ್ಪೀಕರಿಗೆ ವರ್ಧಕವನ್ನು ರಚಿಸುವವರು ಮರೆಯಬಾರದ ಸೂತ್ರ ಇದು. ಮುಂದಿನ ವಿವರಣೆಯೆಲ್ಲ ಇದರ ವಿಸ್ತರಣೆಯೇ ಆಗಿದೆ.

ಒಂದು ಕಾಲೇಜು ದಿನದ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಕಾಲೇಜಿನ ಸಮಾರಂಭಕ್ಕಾಗಿ ೮ ಓಮಿನ ನಾಲ್ಕು ಸ್ಪೀಕರುಗಳನ್ನು ಒಂದೇ ವರ್ಧಕಕ್ಕೆ ಸಮಾಂತರವಾಗಿ ಜೋಡಿಸಿದರು. ಪ್ರತಿಯೊಂದೂ ೮ ಓಮಿನದಾದರೂ ನಾಲ್ಕೂ ಸಮಾಂತರದಲ್ಲಿ ಸೇರಿದಾಗ ವರ್ಧಕಕ್ಕೆ ಕಾಣುವುದು ೨ ಓಮ್ ಮಾತ್ರ. ಆ ವರ್ಧಕವಾದರೋ ೪ ಓಮಿಗಿಂತ ಕಡಿಮೆಯ ಹೊರೆಗಾಗಿ ರಚಿತವಾದುದಲ್ಲ. ಭಾಷಣಗಳು ನಿರ್ವಿಘ್ನವಾಗಿ ಸಾಗಿದವು. ಕೊಡವ ವಾಲಗ ಮೊದಲಾದೊಡನೆ ಡೋಲಿನ ಪ್ರತಿ ದೊಡ್ಡ ಪೆಟ್ಟಿಗೂ ದನಿ ಕಡಿದುಹೋಗತೊಡಗಿತು. ಪ್ರವಾಹ ಮಿತಿಮೀರಿದಾಗಲೆಲ್ಲ ಒಳಗಿನ ರಕ್ಷಣಾ ಮಂಡಲ ವರ್ಧಕವನ್ನು ಕ್ಷಣಕಾಲ ಮುಚ್ಚುತ್ತಿತ್ತು. ನಾವು ಎರಡೆರಡು ಸ್ಪೀಕರುಗಳನ್ನು ಸರಣಿಯಲ್ಲಿ ಸೇರಿಸಿ, ಆ ಎರಡು ಜೋಡಿಗಳನ್ನು ಸಮಾಂತರವಾಗಿ ಕಟ್ಟಿದೆವು. ಒಟ್ಟು ೮ ಓಮ್ ಆಯಿತು. ವಾಲಗ ಕೊನೆಯವರೆಗೂ ತಡೆಯಿಲ್ಲದೆ ನಡೆಯಿತು. ದನಿ ಕುಗ್ಗಿತೆಂದು ಸಭಿಕರಲ್ಲಿ ಯಾರೂ ದೂರಲಿಲ್ಲ. ಏಕೆ ದೂರಲಿಲ್ಲವೆಂಬುದು ಮುಂದೆ ತಿಳಿಯುತ್ತದೆ.

ಹಳೆಯ ಕ್ರಮದ ದೋಷ

ವರ್ಧಕಗಳನ್ನು ಎ, ಬಿ, ಸಿ ಎಂದು ವರ್ಗಗಳಾಗಿ ವಿಂಗಡಿಸುವುದು ನಿರ್ವಾತ ಕವಾಟಗಳ ಕಾಲದಿಂದ ಬಂದ ರೂಢಿ. ಬಹುಕಾಲ ಬಳಕೆಯಲ್ಲಿದ್ದ ಬಿ ವರ್ಗದಲ್ಲಿ ಟ್ರಾನ್ಸಿಸ್ಟರು ಅರ್ಧ ತೆರೆದ ತೂಬಿನಂತೆ ಕೆಲಸಮಾಡುತ್ತದೆ. ಸ್ಪೀಕರಿಗೆ ೪ ವೋಲ್ಟ್ ಬೇಕಾದಾಗ ಬ್ಯಾಟರಿಯ ೧೨ ವೋಲ್ಟಿನಲ್ಲಿ ಉಳಿದ ೮ ವೋಲ್ಟನ್ನು ಟ್ರಾನ್ಸಿಸ್ಟರುಗಳು ತಾವೇ ನುಂಗಿ ಕಾವಾಗಿ ಹೊರಬಿಡುತ್ತವೆ. ಇಂಥ ವರ್ಧಕದ ದಕ್ಷತೆ ಪೂರ್ಣ ದನಿಯಲ್ಲಿ ಹೆಚ್ಚೆಂದರೆ ಶೇಕಡ ೭೮.೫. ಮಾತಾಗಲಿ ಸಂಗೀತವಾಗಲಿ ಸದಾ ಶಿಖರದಲ್ಲಿರುವುದಿಲ್ಲ. ದನಿ ತಗ್ಗಿದಂತೆ ದಕ್ಷತೆಯೂ ತಗ್ಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ೪ ಓಮಿನ ಸ್ಪೀಕರಿಗೆ ೪ ವೋಲ್ಟ್ ಶಿಖರದ ಸ್ವರವನ್ನು ಕೊಡುತ್ತಿದ್ದೇವೆ. ಸ್ಪೀಕರಿಗೆ ಸೇರುವ ಶಕ್ತಿ ೨ ವಾಟ್. ಬಿ ವರ್ಗದ ವರ್ಧಕ ಇದಕ್ಕಾಗಿ ಬ್ಯಾಟರಿಯಿಂದ ಎಳೆಯುವುದು ಸುಮಾರು ೭.೬ ವಾಟ್, ಅಂದರೆ ಐದೂವರೆ ವಾಟಿಗೂ ಹೆಚ್ಚು ವ್ಯರ್ಥ. ೪೦ ಆಂಪಿಯರ್-ಗಂಟೆಯ ಬ್ಯಾಟರಿಯೊಂದಿದೆ, ಅದರ ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನು ಮಾತ್ರ ಬಳಸುತ್ತೇವೆ ಎಂದುಕೊಂಡರೆ ನಮಗೆ ದೊರೆಯುವುದು ೨೪೦ ವಾಟ್-ಗಂಟೆ. ಎಡೆಬಿಡದೆ ನುಡಿಸಿದರೆ ಬಿ ವರ್ಗದ ವರ್ಧಕ ೩೧ ಗಂಟೆ ನಡೆದೀತು. ಇದೇ ೨ ವಾಟಿನ ದನಿಗೆ ಒಳ್ಳೆಯ ಡಿ ವರ್ಗದ ವರ್ಧಕ ಎಳೆಯುವುದು ಸುಮಾರು ಎರಡೂವರೆ ವಾಟ್. ಅದು ೯೬ ಗಂಟೆ ನಡೆಯುತ್ತದೆ. ಒಂದೂಕಾಲು ದಿನವೆಲ್ಲಿ, ನಾಲ್ಕು ದಿನವೆಲ್ಲಿ! ಕಂಬಗಳು ಉರುಳಿ ವಾರಗಟ್ಟಲೆ ಕತ್ತಲಿರುವ ಊರಿನಲ್ಲಿ ಈ ವ್ಯತ್ಯಾಸ ಅಲ್ಪವಾದುದಲ್ಲ.

ಡಿ ವರ್ಗದ ತತ್ತ್ವ

ಮನೆಯ ಇಸ್ತ್ರಿಪೆಟ್ಟಿಗೆಯನ್ನು ಗಮನಿಸಿರಿ. ಅದರ ಕಾವನ್ನು ತಗ್ಗಿಸಲು ಪ್ರವಾಹವನ್ನು ಅರ್ಧ ಮಾಡುವುದಿಲ್ಲ. ಒಳಗಿನ ಸ್ವಿಚ್ಚು ಕೆಲವು ಕಾಲ ಪೂರ್ಣವಾಗಿ ಹೊತ್ತಿಸಿ, ಕೆಲವು ಕಾಲ ಪೂರ್ಣವಾಗಿ ಆರಿಸುತ್ತದೆ. ಸರಾಸರಿ ಕಾವು ನಮಗೆ ಬೇಕಾದಷ್ಟಿರುತ್ತದೆ. ಡಿ ವರ್ಗದ ವರ್ಧಕವೂ ಹೀಗೆಯೇ. ಪೂರ್ಣವಾಗಿ ಮುಚ್ಚಿದ ಸ್ವಿಚ್ಚಿನಲ್ಲಿ ಪ್ರವಾಹವಿಲ್ಲ. ಪೂರ್ಣವಾಗಿ ತೆರೆದುಕೊಟ್ಟ ಸ್ವಿಚ್ಚಿನಲ್ಲಿ ವೋಲ್ಟೇಜು ನಷ್ಟವಿಲ್ಲ. ಎರಡು ಸ್ಥಿತಿಗಳಲ್ಲಿಯೂ ಸ್ವಿಚ್ಚು ತಾನು ಕಾಯುವುದಿಲ್ಲ.

ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ನಿಮಿಷಕ್ಕೆ ಒಂದೆರಡು ಸಲ ಚಲಿಸಿದರೆ ಡಿ ವರ್ಗದ ಸ್ವಿಚ್ಚು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಚಲಿಸಬೇಕು. ನಮ್ಮ ಉದಾಹರಣೆಗೆ ನಾಲ್ಕು ಲಕ್ಷ ಸಲ ಎನ್ನೋಣ. ವರ್ಧಕದೊಳಗೆ ಇಷ್ಟೇ ವೇಗದ ತ್ರಿಕೋನಾಕಾರದ ತರಂಗವೊಂದು ಸದಾ ಉತ್ಪತ್ತಿಯಾಗುತ್ತಿರುತ್ತದೆ. ಹೋಲಿಕೆ ಮಂಡಲವೊಂದು ಮೈಕಿನಿಂದ ಬಂದ ದನಿಯನ್ನು ಈ ತ್ರಿಕೋನದೊಡನೆ ಹೋಲಿಸುತ್ತದೆ. ದನಿ ಮೇಲಿರುವಷ್ಟು ಕಾಲ ಸ್ಪೀಕರಿನ ಕಡೆಗೆ ಧನ ೧೨ ವೋಲ್ಟ್, ಕೆಳಗಿರುವಷ್ಟು ಕಾಲ ಋಣ ೧೨ ವೋಲ್ಟ್. ಎರಡೂ ಸಮಕಾಲವಿದ್ದರೆ ಸರಾಸರಿ ಸೊನ್ನೆ. ಮುಕ್ಕಾಲು ಕಾಲ ಧನ, ಕಾಲು ಭಾಗ ಋಣವಾದರೆ ಸರಾಸರಿ ೬ ವೋಲ್ಟ್. ಹೀಗೆ ದನಿಯ ಎತ್ತರವು ಸ್ಪಂದಗಳ ಅಗಲವಾಗಿ ಮಾರ್ಪಡುತ್ತದೆ.

ಈ ಸ್ಪಂದಗಳ ಸಾಲನ್ನು ಮತ್ತೆ ನಯವಾದ ದನಿಯನ್ನಾಗಿ ಮಾಡಲು ಸುರುಳಿಯೂ ಕೆಪಾಸಿಟರೂ ಸೇರಿದ ಶೋಧಕ ಬೇಕು. ಕೊಡಕೊಡವಾಗಿ ತೊಟ್ಟಿಗೆ ಸುರಿದ ನೀರು ತಳದ ಕೊಳವೆಯಿಂದ ಒಂದೇ ಸಮನೆ ಹರಿಯುವಂತೆ ಈ ಶೋಧಕದಿಂದ ಸರಾಸರಿ ಮಾತ್ರ ಹೊರಬರುತ್ತದೆ.

ಡಿ ಎಂಬ ಅಕ್ಷರ ಡಿಜಿಟಲ್ ಎಂಬುದರ ಸಂಕ್ಷೇಪವೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ; ಎ, ಬಿ, ಸಿಗಳ ಮುಂದಿನ ಅಕ್ಷರ ಅಷ್ಟೆ. ಈ ತತ್ತ್ವವೂ ಹೊಸದಲ್ಲ. ೧೯೬೪ರಲ್ಲಿಯೇ ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆ ಎಕ್ಸ್-೧೦ ಎಂಬ ಇಂಥ ವರ್ಧಕವನ್ನು ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ತಂದಿತ್ತು. ಆದರೆ ಆ ಕಾಲದ ಟ್ರಾನ್ಸಿಸ್ಟರುಗಳಿಗೆ ಬೇಕಾದ ಚುರುಕು ಇರಲಿಲ್ಲ. ಮಾಸ್‌ಫೆಟ್ ಎಂಬ ಚುರುಕಾದ ಟ್ರಾನ್ಸಿಸ್ಟರುಗಳು ಬಳಕೆಗೆ ಬಂದ ಮೇಲೆಯೇ ಈ ವರ್ಗಕ್ಕೆ ನೆಲೆ ದೊರಕಿತು. ಇಂದು ಜೇಬಿನ ಮೊಬೈಲ್ ಫೋನಿನ ಪುಟ್ಟ ಸ್ಪೀಕರನ್ನು ನಡೆಸುವುದೂ ಸಾಮಾನ್ಯವಾಗಿ ಡಿ ವರ್ಗದ ವರ್ಧಕವೇ.

ಸ್ವಿಚ್ಚುಗಳ ಆಯ್ಕೆ

ಸೇತುವೆ ಜೋಡಣೆಯಲ್ಲಿ ಮಾಸ್‌ಫೆಟ್‌ಗಳು ನಾಲ್ಕು. ಯಾವುದೇ ಕ್ಷಣದಲ್ಲಿ ಪ್ರವಾಹ ಎರಡರ ಮೂಲಕ ಹಾದುಹೋಗುತ್ತದೆ. ಪ್ರವಾಹಕ್ಕೆ ದಾರಿ ಕೊಟ್ಟಾಗ ಪ್ರತಿಯೊಂದರ ರೋಧ ೦.೦೨ ಓಮ್ ಇದ್ದರೆ ಒಟ್ಟು ೦.೦೪ ಓಮ್. ಪೂರ್ಣ ದನಿಯಲ್ಲಿ ಈ ರೋಧದಲ್ಲಿ ಆಗುವ ನಷ್ಟ ೮ ಓಮಿನ ಸ್ಪೀಕರಿಗೆ ೦.೦೪೫ ವಾಟ್, ಇದು ಲೆಕ್ಕಕ್ಕಿಲ್ಲ. ೪ ಓಮಿಗೆ ೦.೧೮ ವಾಟ್. ೨ ಓಮಿಗೆ ೦.೭೨ ವಾಟ್, ಹದಿನಾರು ಮಡಿ! ಇದೇ ಸ್ವಿಚ್ಚಿನ ರೋಧ ೦.೧ ಓಮ್ ಇದ್ದಿದ್ದರೆ ೨ ಓಮಿನಲ್ಲಿ ನಷ್ಟ ೩.೬ ವಾಟಿಗೆ ಏರುತ್ತಿತ್ತು. ಆದುದರಿಂದ ಓಮ್ ತಗ್ಗಿದಂತೆ ಸ್ವಿಚ್ಚಿನ ರೋಧವೂ ತಗ್ಗಬೇಕು. ರೋಧ ಕಡಿಮೆಯಾದ ಮಾಸ್‌ಫೆಟ್ ಗಾತ್ರದಲ್ಲಿ ದೊಡ್ಡದು. ಅದರ ದ್ವಾರವನ್ನು ಪ್ರತಿ ಸಲವೂ ತುಂಬಿ ಬರಿದುಮಾಡಲು ಹೆಚ್ಚು ವಿದ್ಯುದಂಶ ಬೇಕು. ಇವೆರಡರ ನಡುವೆ ಸಮನ್ವಯ ಸಾಧಿಸುವುದೇ ರಚನಕಾರನ ಜಾಣ್ಮೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಬ್ಯಾಟರಿಯ ಎರಡು ತುದಿಗಳ ನಡುವೆ ನಿಂತ ಮೇಲಿನ ಸ್ವಿಚ್ಚೂ ಕೆಳಗಿನ ಸ್ವಿಚ್ಚೂ ಏಕಕಾಲದಲ್ಲಿ ದಾರಿ ಕೊಟ್ಟರೆ ಬ್ಯಾಟರಿಗೆ ನೇರವಾದ ಅಡ್ಡದಾರಿಯಾಗಿ ಎರಡೂ ಸುಟ್ಟುಹೋಗುತ್ತವೆ. ಆದ್ದರಿಂದ ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಮುನ್ನ ತುಸು ವಿರಾಮ ಕೊಡುತ್ತಾರೆ. ಸೆಕೆಂಡಿಗೆ ನಾಲ್ಕು ಲಕ್ಷ ಆವರ್ತಗಳೆಂದರೆ ಒಂದು ಆವರ್ತಕ್ಕೆ ೨,೫೦೦ ನ್ಯಾನೋಸೆಕೆಂಡ್. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ವಿರಾಮ ೨೫ ನ್ಯಾನೋಸೆಕೆಂಡ್ ಆದರೂ ಅದು ಆವರ್ತದ ನೂರನೆಯ ಒಂದು ಪಾಲು. ಸ್ಪಂದದ ಅಗಲ ಅಷ್ಟರ ಮಟ್ಟಿಗೆ ತಪ್ಪುತ್ತದೆ. ಪ್ರವಾಹದ ದಿಕ್ಕು ಬದಲಾದಾಗ ತಪ್ಪಿನ ದಿಕ್ಕೂ ಬದಲಾಗಿ ದನಿ ವಿಕಾರಗೊಳ್ಳುತ್ತದೆ. ಹೊರಬಂದ ದನಿಯ ಒಂದಂಶವನ್ನು ಹಿಂದಕ್ಕೆ ಒಯ್ದು ಮೂಲದೊಡನೆ ಹೋಲಿಸಿ ತಿದ್ದುವುದು ಇದಕ್ಕೆ ಪರಿಹಾರ.

ಶೋಧಕವನ್ನು ಸ್ಪೀಕರಿಗೆ ತಕ್ಕಂತೆ ಅಳೆಯಬೇಕು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಶೋಧಕದ ಸುರುಳಿ ಮತ್ತು ಕೆಪಾಸಿಟರುಗಳ ಬೆಲೆ ಸ್ಪೀಕರಿನ ಓಮನ್ನು ಅವಲಂಬಿಸಿದೆ. ೪೦,೦೦೦ ಹರ್ಟ್ಸ್ ವರೆಗೆ ಬಿಟ್ಟು ಅದರ ಮೇಲಿನದನ್ನು ತಡೆಯುವ, ನಡುವೆ ಉಬ್ಬು ತಗ್ಗುಗಳಿಲ್ಲದ ಶೋಧಕವನ್ನು ಬಯಸಿದರೆ ಲೆಕ್ಕ ಹೀಗೆ ಬರುತ್ತದೆ. ೮ ಓಮಿಗೆ ಒಟ್ಟು ೪೫ ಮೈಕ್ರೊಹೆನ್ರಿಯ ಸುರುಳಿಯೂ ೦.೩೫ ಮೈಕ್ರೊಫ್ಯಾರಡ್ ಕೆಪಾಸಿಟರೂ ಬೇಕು. ೪ ಓಮಿಗೆ ೨೨.೫ ಮೈಕ್ರೊಹೆನ್ರಿ ಮತ್ತು ೦.೭ ಮೈಕ್ರೊಫ್ಯಾರಡ್. ೨ ಓಮಿಗೆ ೧೧.೨ ಮೈಕ್ರೊಹೆನ್ರಿ ಮತ್ತು ೧.೪ ಮೈಕ್ರೊಫ್ಯಾರಡ್. ಸುರುಳಿ ಅರ್ಧವಾದಂತೆ ಕೆಪಾಸಿಟರು ಎರಡರಷ್ಟಾಗುವುದನ್ನು ಗಮನಿಸಬೇಕು. ಸೇತುವೆ ಜೋಡಣೆಯಲ್ಲಿ ಸುರುಳಿಯನ್ನು ಎರಡು ಸಮಭಾಗ ಮಾಡಿ ಸ್ಪೀಕರಿನ ಒಂದೊಂದು ತುದಿಗೆ ಒಂದೊಂದನ್ನು ಇಡುತ್ತಾರೆ.

೮ ಓಮಿಗಾಗಿ ಮಾಡಿದ ಶೋಧಕಕ್ಕೆ ೨ ಓಮಿನ ಸ್ಪೀಕರನ್ನು ಜೋಡಿಸಿದರೆ ಏನಾಗುತ್ತದೆ? ಸುರುಳಿಯ ಅಡ್ಡಿ ಸ್ಪೀಕರಿನ ಅಡ್ಡಿಯನ್ನು ಮೀರತೊಡಗಿ, ಸುಮಾರು ೭,೦೦೦ ಹರ್ಟ್ಸಿನಲ್ಲಿಯೇ ಶಕ್ತಿ ಅರ್ಧಕ್ಕಿಳಿಯುತ್ತದೆ. ಸ, ಶ, ಷ ಮೊದಲಾದ ಊಷ್ಮ ವ್ಯಂಜನಗಳ ಸುಳುಹು ಅಡಗಿರುವುದು ಬಹುಮಟ್ಟಿಗೆ ಉಚ್ಚ ಆವೃತ್ತಿಗಳಲ್ಲಿ. ಅವು ಮಂಕಾದರೆ ದನಿ ಕೇಳಿಸಿದರೂ ಮಾತು ತಿಳಿಯದು. ಇದಕ್ಕೆ ವ್ಯತಿರಿಕ್ತವಾಗಿ, ೨ ಓಮಿನ ಶೋಧಕಕ್ಕೆ ೮ ಓಮಿನ ಸ್ಪೀಕರನ್ನು ಕಟ್ಟಿದರೆ ೪೦,೦೦೦ ಹರ್ಟ್ಸಿನ ಬಳಿ ವೋಲ್ಟೇಜು ಮೂರು ಮಡಿಯ ಹತ್ತಿರ ಉಬ್ಬುತ್ತದೆ. ಸ್ಪೀಕರನ್ನೇ ಕಳಚಿದರೆ ಸುರುಳಿಯೂ ಕೆಪಾಸಿಟರೂ ತಾವೇ ಅನುರಣಿಸತೊಡಗುತ್ತವೆ. ಆದ್ದರಿಂದ ಸ್ಪೀಕರಿಲ್ಲದೆ ಇಂಥ ವರ್ಧಕವನ್ನು ನಡೆಸಬಾರದು.

ಸುರುಳಿಯ ತಿರುಳಿನ ವಿಷಯವನ್ನೂ ಹೇಳಬೇಕು. ಫೆರೈಟ್ ತಿರುಳು ಒಂದು ಮಿತಿಯವರೆಗೆ ಮಾತ್ರ ಕಾಂತತ್ವವನ್ನು ಹೊರಬಲ್ಲುದು. ಆ ಮಿತಿ ದಾಟಿದೊಡನೆ ಅದು ತಿರುಳಿಲ್ಲದ ಸುರುಳಿಯಂತಾಗಿ, ಪ್ರವಾಹ ತಡೆಯಿಲ್ಲದೆ ಏರುತ್ತದೆ. ೨ ಓಮಿನಲ್ಲಿ ಶಿಖರ ಪ್ರವಾಹ ೬ ಆಂಪಿಯರ್. ಅದರ ಮೇಲೆ ಸ್ವಿಚ್ಚಿನ ಏರಿಳಿತವೂ ಸೇರುತ್ತದೆ. ಸ್ಪೀಕರಿನ ನಿಜವಾದ ಇಂಪಿಡೆನ್ಸ್ ಬರೆದ ಅಂಕಿಗಿಂತ ಕೆಳಗಿಳಿಯುವುದೂ ಉಂಟು. ಆದುದರಿಂದ ಇಂಥ ಸುರುಳಿ ೯ ಆಂಪಿಯರನ್ನಾದರೂ ನಿರಾಯಾಸವಾಗಿ ತಾಳುವಂತಿರಬೇಕು. ಇದೇ ಕಾರಣದಿಂದ ಬ್ಯಾಟರಿಯ ಕಡೆಯ ತಂತಿಯೂ ದಪ್ಪವಾಗಿರಬೇಕು. ಸ್ವಿಚ್ಚುಗಳ ಮಗ್ಗುಲಲ್ಲಿಯೇ ದೊಡ್ಡ ಕೆಪಾಸಿಟರೊಂದು ಕುಳಿತು ಕ್ಷಣಿಕ ಬೇಡಿಕೆಯನ್ನು ಪೂರೈಸಬೇಕು. ಶೋಧಕ ಸರಿಯಿಲ್ಲದಿದ್ದರೆ ಸ್ಪೀಕರಿನ ಉದ್ದ ತಂತಿಯೇ ಆಂಟೆನಾ ಆಗಿ, ನಾಲ್ಕು ಲಕ್ಷದ ಗುಣಿತಗಳು ಮಧ್ಯಮ ತರಂಗದ ರೇಡಿಯೊದಲ್ಲಿ ಕಿರಿಕಿರಿಯಾಗಿ ಕೇಳಿಸುತ್ತವೆ. ಬ್ಯಾಟರಿಯ ರೇಡಿಯೊ ಒಂದೇ ಸುದ್ದಿಯ ಮೂಲವಾಗಿರುವ ರಾತ್ರಿಯಲ್ಲಿ ಇದು ಕ್ಷಮಿಸತಕ್ಕ ದೋಷವಲ್ಲ.

ತಂತಿ ನುಂಗುವ ಶಕ್ತಿ

ವರ್ಧಕ ಮನೆಯೊಳಗಿದೆ, ಸ್ಪೀಕರು ೨೦ ಮೀಟರು ದೂರದ ಮರದ ಮೇಲಿದೆ ಎಂದುಕೊಳ್ಳೋಣ. ಹೋಗಿ ಬರುವ ತಂತಿ ೪೦ ಮೀಟರು. ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು ೦.೪೬ ಓಮ್. ೮ ಓಮಿನ ಸ್ಪೀಕರಿಗೆ ೯ ವಾಟಿನ ಬದಲು ೮ ವಾಟ್ ತಲುಪುತ್ತದೆ, ಇದು ಸಹ್ಯ. ೪ ಓಮಿಗೆ ೧೮ರ ಬದಲು ೧೪.೫ ವಾಟ್. ೨ ಓಮಿಗೆ ೩೬ರ ಬದಲು ೨೪ ವಾಟ್ ಕೂಡ ಪೂರ್ತಿ ಸಿಗದು. ಸ್ವಿಚ್ಚಿನಲ್ಲಿ ಕಷ್ಟಪಟ್ಟು ಉಳಿಸಿದುದು ತಂತಿಯಲ್ಲಿ ಹೋಯಿತು!

ಇದಕ್ಕೆ ಪರಿಹಾರವೇನೆಂಬುದನ್ನು ನಮ್ಮ ಕಾವೇರಿಯೇ ಒಮ್ಮೆ ತೋರಿಸಿದ್ದಾಳೆ. ತಲಕಾವೇರಿಯಲ್ಲಿ ಹುಟ್ಟಿ ಹರಿದ ಈ ನದಿಯಿಂದ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಅಷ್ಟು ದೂರ ಒಯ್ಯಲು ಸಾಧ್ಯವಾದುದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಪ್ರವಾಹವನ್ನು ತಗ್ಗಿಸಿದುದರಿಂದ. ಸಭೆ ಸಮಾರಂಭಗಳಲ್ಲಿ ಬಳಸುವ ೧೦೦ ವೋಲ್ಟಿನ ಸ್ಪೀಕರು ಮಾರ್ಗಗಳ ತತ್ತ್ವವೂ ಇದೇ. ೧೦ ವಾಟನ್ನು ೧೦೦ ವೋಲ್ಟಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವುದು ಹತ್ತನೆಯ ಒಂದು ಆಂಪಿಯರ್ ಮಾತ್ರ. ಅಂದಮೇಲೆ ಸ್ಪೀಕರು ಬಹಳ ದೂರದಲ್ಲಿದ್ದರೆ ಓಮನ್ನು ತಗ್ಗಿಸುವ ಮಾರ್ಗವನ್ನು ಬಿಟ್ಟು ಏರಿಸುವ ಮಾರ್ಗವನ್ನೇ ಹಿಡಿಯಬೇಕು. ಕಡಿಮೆ ಓಮ್ ಸಲ್ಲುವುದು ತಂತಿ ಗಿಡ್ಡವಾಗಿಯೂ ದಪ್ಪವಾಗಿಯೂ ಇರುವಲ್ಲಿ. ಜೀಪಿನ ಮೇಲೆ, ಅಥವಾ ವರ್ಧಕವನ್ನು ಸ್ಪೀಕರಿನ ಪಕ್ಕದಲ್ಲಿಯೇ ಇಟ್ಟು ಮೈಕಿನ ತಂತಿಯನ್ನು ಮಾತ್ರ ಉದ್ದ ಎಳೆದಾಗ.

ಕಿವಿಯ ಲೆಕ್ಕವೇ ಬೇರೆ

ಇಷ್ಟೆಲ್ಲ ಶ್ರಮದಿಂದ ೯ ವಾಟನ್ನು ೩೬ ಮಾಡಿದರೆ ದನಿ ನಾಲ್ಮಡಿ ಗಟ್ಟಿಯಾಗಿ ಕೇಳುವುದೆ? ಇಲ್ಲ. ನಮ್ಮ ಕಿವಿ ಶಕ್ತಿಯ ಅನುಪಾತವನ್ನು ಗಮನಿಸುತ್ತದೆಯೇ ಹೊರತು ವ್ಯತ್ಯಾಸವನ್ನಲ್ಲ. ಶಕ್ತಿ ಎರಡರಷ್ಟಾದರೆ ಮಟ್ಟ ೩ ಡೆಸಿಬೆಲ್ ಏರುತ್ತದೆ, ನಾಲ್ಕರಷ್ಟಾದರೆ ೬. ದನಿ ಎರಡರಷ್ಟು ಗಟ್ಟಿಯೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು ೧೦ ಡೆಸಿಬೆಲ್, ಅಂದರೆ ಹತ್ತು ಮಡಿ ಶಕ್ತಿ ಬೇಕು. ನಮ್ಮ ಕಾಲೇಜಿನ ಸಭಿಕರು ದೂರದೆ ಇದ್ದುದಕ್ಕೆ ಕಾರಣ ಈಗ ಸ್ಪಷ್ಟವಾಗಿರಬೇಕು.

ಆದರೆ ಸ್ಪೀಕರಿನ ಜಾತಿಯನ್ನು ಬದಲಿಸಿದರೆ ದೊರೆಯುವ ಲಾಭ ಇದಕ್ಕಿಂತ ಬಹಳ ದೊಡ್ಡದು. ಸಾಮಾನ್ಯ ಕಾಗದದ ಶಂಕುವಿನ ಸ್ಪೀಕರು ೧ ವಾಟಿಗೆ ೧ ಮೀಟರು ದೂರದಲ್ಲಿ ಸುಮಾರು ೯೦ ಡೆಸಿಬೆಲ್ ಕೊಟ್ಟರೆ, ಕಹಳೆಯಾಕಾರದ ಹಾರ್ನ್ ಸ್ಪೀಕರು ಸುಮಾರು ೧೦೫ ಕೊಡುತ್ತದೆ. ಈ ೧೫ ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಮೂವತ್ತು ಮಡಿ. ೯ ವಾಟ್ ಪಡೆದ ಹಾರ್ನ್, ಬಯಲಿನಲ್ಲಿ ನೂರು ಮೀಟರು ದೂರದಲ್ಲಿ ಸುಮಾರು ೭೫ ಡೆಸಿಬೆಲ್ ಕೊಟ್ಟೀತು. ಎದುರೆದುರು ನಿಂತು ಆಡುವ ಸಾಮಾನ್ಯ ಮಾತು ೬೦. ದೂರ ಎರಡರಷ್ಟಾದಾಗಲೆಲ್ಲ ೬ ಡೆಸಿಬೆಲ್ ಕಳೆಯುತ್ತದೆ. ಕಾಡೂ ಮಳೆಯ ಸದ್ದೂ ಇನ್ನಷ್ಟನ್ನು ಕಸಿದುಕೊಳ್ಳುತ್ತವೆ. ಹಾರ್ನ್ ಮಂದ್ರ ಸ್ವರಗಳನ್ನು ನುಡಿಯಲಾರದು. ಆದರೆ ಮಾತಿಗೆ ಅವು ಅಗತ್ಯವಿಲ್ಲ. ೩೦೦ ಹರ್ಟ್ಸಿಗಿಂತ ಕೆಳಗಿನದನ್ನು ವರ್ಧಕದ ಮೊದಲಿನಲ್ಲಿಯೇ ತಡೆದುಬಿಟ್ಟರೆ ಹಾರ್ನಿನ ಪೊರೆಯೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಒಟ್ಟಿನಲ್ಲಿ

ಮೇಲಿನ ವಿಚಾರಗಳನ್ನೆಲ್ಲ ಕೂಡಿಸಿ ನೋಡಿದರೆ ಮಳೆಗಾಲದ ಎಚ್ಚರಿಕೆಗೆ ತಕ್ಕ ಏರ್ಪಾಡಿನ ರೂಪರೇಖೆ ತಾನಾಗಿ ದೊರೆಯುತ್ತದೆ. ಒಂದು ೧೨ ವೋಲ್ಟಿನ ಬ್ಯಾಟರಿ. ಸೇತುವೆ ಜೋಡಣೆಯ ಡಿ ವರ್ಗದ ವರ್ಧಕ. ೮ ಓಮಿನ ಎರಡು ಹಾರ್ನುಗಳು, ಒಂದು ಕಣಿವೆಯ ಕಡೆಗೂ ಇನ್ನೊಂದು ಲೈನ್ ಮನೆಗಳ ಕಡೆಗೂ ಮುಖಮಾಡಿ ಸಮಾಂತರದಲ್ಲಿ. ಹೊರೆ ೪ ಓಮ್, ಶೋಧಕವೂ ೪ ಓಮಿನ ಲೆಕ್ಕದ್ದೇ. ತಂತಿ ಗಿಡ್ಡ ಮತ್ತು ದಪ್ಪ. ೨ ಓಮಿಗೆ ಇಳಿದು ಇನ್ನೂ ೩ ಡೆಸಿಬೆಲ್ ಗಳಿಸುವ ಆಸೆಯನ್ನು ಇಲ್ಲಿ ಬಿಡುವುದೇ ಲೇಸು. ಮೂರು ಡೆಸಿಬೆಲ್ಲಿಗಾಗಿ ಸ್ವಿಚ್ಚು, ಸುರುಳಿ, ತಂತಿ, ಬ್ಯಾಟರಿ ಎಲ್ಲವನ್ನೂ ದಣಿಸಬೇಕಾಗುತ್ತದೆ.

ದಸರೆಯ ಮಂಟಪದೆದುರು ದನಿ ಒಂದು ಕ್ಷಣ ಕಡಿದರೆ ಜನ ನಕ್ಕು ಮುಂದೆ ಸಾ��ುತ್ತಾರೆ. ಗುಡ್ಡದ ಕೆಳಗಿನ ಊರಿನಲ್ಲಿ ಕಡಿದುಹೋದ ಆ ಒಂದು ಮಾತು "ಹೊರಡಿ" ಎಂಬುದೇ ಆಗಿರಬಹುದು. ಆದ್ದರಿಂದ ಇಂಥ ವರ್ಧಕವನ್ನು ಅಳೆಯುವಾಗ ಅದು ಎಷ್ಟು ವಾಟ್ ಕೊಡುತ್ತದೆಂದು ಕೇಳುವ ಮೊದಲು, ಕೊಡುವಷ್ಟನ್ನು ನಾಲ್ಕನೆಯ ರಾತ್ರಿಯೂ ಕೊಡುತ್ತದೆಯೆ ಎಂದು ಕೇಳಬೇಕು.